ಸಾಲ್ವಿಯಾ ಪುರಾಣ: ಹನ್ನೆರಡು ತಿಂಗಳ ಹೂವಿನ ಹಿಂದಿನ ಕಥೆ

ಸಾಲ್ವಿಯಾ ಅಂದ ತಕ್ಷಣ ಯಾವ ಗಿಡ ಅಂತ ಹೊಳೆಯದಿದ್ದರೆ ಲಾಲ್‌ಬಾಗನ್ನು ನೆನಪಿಸಿಕೊಳ್ಳಿ. ದಾರಿಯ ಅಂಚಿನ ಮಡಿಗಳಲ್ಲಿ, ಮೊಣಕಾಲೆತ್ತರಕ್ಕೂ ಬಾರದ ಗಿಡಗಳು ಬೆಂಕಿಕಡ್ಡಿ ಗೀರಿದ ಹಾಗೆ ಕೆಂಪಗೆ ಸಾಲಾಗಿ ನಿಂತಿರುತ್ತವಲ್ಲ, ಅದೇ. ನಮ್ಮಲ್ಲಿ ಅನೇಕರ ಬಾಲ್ಯದ ಫೋಟೋಗಳಲ್ಲಿ ಅದು ಹಿಂದೆ ನಿಂತಿದೆ. ಹೆಸರು ಕೇಳಿದವರು ಕಡಿಮೆ. ಮಾರುವವರೂ ಸಾಲ್ವಿಯಾ ಅಂತಲೇ ಮಾರುತ್ತಾರೆ, ಹಾಗಾಗಿ ಯಾವುದೋ ದೂರದ ದೊರೆಸಾನಿ ಅನ್ನಿಸುತ್ತೆ. ಆದರೆ ಕಾಂಡವನ್ನು ಎರಡು ಬೆರಳಲ್ಲಿ ಹಿಡಿದು ಉರುಳಿಸಿ ನೋಡಿ, ಚೌಕವಾಗಿರುತ್ತೆ. ಎಲೆಗಳು ಎದುರುಬದುರು. ಹೂವಿಗೆ ಮೇಲ್ದುಟಿ, ಕೆಳದುಟಿ. ಮನೆ ಮುಂದಿನ ತುಳಸಿ, ಹಿತ್ತಿಲ ದೊಡ್ಡಪತ್ರೆ, ಪುದೀನ ಎಲ್ಲ ಇದೇ ವಂಶ. ದೂರದ ದೊರೆಸಾನಿಯಲ್ಲ, ತುಳಸಿಯ ಚಿಕ್ಕಪ್ಪನ ಮಗಳು!

ನಾನೀಗ ಇರುವುದು ಕ್ಯಾಲಿಫೋರ್ನಿಯಾದ ಸನ್ನಿವೇಲಿನಲ್ಲಿ. ಇಲ್ಲಿ ಸಾಲ್ವಿಯಾ ಇಲ್ಲದ ಜಾಗವೇ ಇಲ್ಲ. ಆಫೀಸಿನ ಪಾರ್ಕಿಂಗ್ ಲಾಟಿನಲ್ಲಿ, ಲೈಬ್ರರಿ ಮೆಟ್ಟಿಲ ಪಕ್ಕ, ಅಪಾರ್ಟ್‌ಮೆಂಟಿನ ಕಸದ ಡಬ್ಬಿಯ ಹಿಂದೆ ಕೂಡ. ಜೂನಿನಲ್ಲಿ ಹೂವಿದ್ದರೆ ಸರಿ, ಆದರೆ ಜನವರಿಯಲ್ಲೂ ಎಲ್ಲೋ ಒಂದು ಸಾಲ್ವಿಯಾ ಅರಳಿಕೊಂಡೇ ಇರುತ್ತೆ. ಒಂದೇ ಗಿಡ ವರ್ಷವಿಡೀ ಹೂ ಬಿಡುತ್ತಾ? ಇಲ್ಲ. ಇದೊಂದು ರಿಲೇ ಓಟ. ಒಬ್ಬ ಓಡಿ ಸುಸ್ತಾಗುವ ಹೊತ್ತಿಗೆ ಇನ್ನೊಬ್ಬ ಬಂದು ಕೋಲು ತೆಗೆದುಕೊಳ್ಳುತ್ತಾನೆ. ಮಜಾ ಏನೆಂದರೆ ಈ ಓಟಗಾರರೆಲ್ಲ ಬೇರೆ ಬೇರೆ ಊರಿನವರು, ಬೇರೆ ಬೇರೆ ಕಾಲದಲ್ಲಿ ಬೇರೆ ಬೇರೆ ಕಾರಣಕ್ಕೆ ಇಲ್ಲಿಗೆ ಬಂದವರು (ನಮ್ಮ ಹಾಗೇ ಅನ್ನಿ). ಯಾವ ಗಿಡ ಆರಿಸಬೇಕು ಅಂತ ಹುಡುಕುತ್ತಾ ಹೋದವನಿಗೆ ಸಿಕ್ಕಿದ್ದು ಗಿಡಕ್ಕಿಂತ ಹೆಚ್ಚಾಗಿ ಇತಿಹಾಸ. ಅದನ್ನೇ ಬರೀತಾ ಇದ್ದೀನಿ.

ಮೊದಲು ಹೆಸರಿನ ವಿಚಾರ. ಸಾಲ್ವಿಯಾ ಅನ್ನೋದು ಲ್ಯಾಟಿನ್, ಆರೋಗ್ಯವಾಗಿರು ಅನ್ನುವ ಅರ್ಥದ ಧಾತುವಿನಿಂದ ಬಂದದ್ದು. ರೋಮನ್ನರ ಕಾಲದಲ್ಲಿ ಅದು ಅಡುಗೆಗೂ ಔಷಧಿಗೂ ಬಳಸುವ ಒಂದು ಗಿಡದ ಹೆಸರು. ಇಂಗ್ಲಿಷರು ಸೇಜ್ ಅನ್ನುವುದೂ ಅದೇ ಪದ ಫ್ರೆಂಚಿನಲ್ಲಿ ಸವೆದು ಬಂದದ್ದು. 1753ರಲ್ಲಿ ಲಿನೇಯಸ್ ತನ್ನ ದೊಡ್ಡ ಪುಸ್ತಕದಲ್ಲಿ ಗಿಡಗಳನ್ನೆಲ್ಲ ಕೇಸರಗಳ ಲೆಕ್ಕದ ಮೇಲೆ ಗುಂಪು ಹಾಕಿದಾಗ ಸಾಲ್ವಿಯಾವನ್ನು ಎರಡು ಕೇಸರದವರ ಗುಂಪಿಗೆ ಹಾಕಿದ. ತುಳಸಿಗೆ ನಾಲ್ಕು ಕೇಸರ, ಹಾಗಾಗಿ ಅದು ಬೇರೆ ಗುಂಪು. ಆ ಎರಡೇ ಕೇಸರದಲ್ಲಿ ಇರುವ ಇಂಜಿನಿಯರಿಂಗ್ ನೋಡಿ: ಅನೇಕ ಸಾಲ್ವಿಯಾಗಳಲ್ಲಿ ಕೇಸರ ಒಂದು ಸನ್ನೆಕೋಲು. ಜೇನ್ನೊಣ ಮಕರಂದಕ್ಕೆ ಅಂತ ತಲೆ ತೂರಿಸಿ ಒಳಗಿನ ತುದಿಯನ್ನು ತಳ್ಳಿದರೆ, ಮೇಲಿನ ತುದಿ ಏತದ ಹಾಗೆ ಬಾಗಿ ಅದರ ಬೆನ್ನಿಗೆ ಪರಾಗ ಬಳಿಯುತ್ತೆ. ಇದನ್ನು 1793ರಲ್ಲಿ ಜರ್ಮನಿಯ ಶಾಲಾ ಮೇಷ್ಟ್ರು ಕ್ರಿಶ್ಚಿಯನ್ ಸ್ಪ್ರೆಂಗೆಲ್ ಚಿತ್ರ ಸಮೇತ ವಿವರಿಸಿದ. ಆಗ ಯಾರೂ ಅವನನ್ನು ಅಷ್ಟಾಗಿ ಕಿವಿಗೆ ಹಾಕಿಕೊಳ್ಳಲಿಲ್ಲ, ಮುಂದೆ ಡಾರ್ವಿನ್ ಮೆಚ್ಚಿದ ಮೇಲೆ ದೊಡ್ಡವನಾದ.

ಈಗ ಸಾಲ್ವಿಯಾದಲ್ಲಿ ಸುಮಾರು 1000 ಪ್ರಭೇದಗಳಿವೆ. 2017ರಲ್ಲಿ ಸಸ್ಯಶಾಸ್ತ್ರಜ್ಞರು ಡಿಎನ್‌ಎ ನೋಡಿ ರೋಸ್‌ಮೆರಿಯೂ ನಿಜಕ್ಕೂ ಸಾಲ್ವಿಯಾವೇ ಅಂತ ಅದನ್ನು ಇದರೊಳಗೆ ಸೇರಿಸಿದರು. ಹಳೇ ಕೋಡಿನಲ್ಲಿ ಎರಡು ಕ್ಲಾಸ್ ಒಂದೇ ಕೆಲಸ ಮಾಡ್ತಾ ಇದ್ದರೆ ನಾವು ಮಾಡುವುದೂ ಅದನ್ನೇ ತಾನೆ :-)

ಈ ಸಾವಿರದಲ್ಲಿ ಅರ್ಧಕ್ಕಿಂತ ಹೆಚ್ಚು ಇರುವುದು ಮೆಕ್ಸಿಕೋದಿಂದ ದಕ್ಷಿಣ ಅಮೆರಿಕದವರೆಗಿನ ನೆಲದಲ್ಲಿ. ಅವು ಯೂರೋಪಿಗೆ ಬಂದ ದಾರಿಯಲ್ಲೇ ನಮ್ಮ ಮಲೆನಾಡಿನ ಇನ್ನೊಂದು ಪ್ರೀತಿಯ ಹೂವೂ ಬಂತು. 1787ರಲ್ಲಿ ಸ್ಪೇನಿನ ದೊರೆ ತನ್ನ ಮೆಕ್ಸಿಕೋ ವಸಾಹತಿನ ಗಿಡಮರಗಳ ಲೆಕ್ಕ ತೆಗೆಯಲಿಕ್ಕೆ ಒಂದು ದಂಡಯಾತ್ರೆಯನ್ನೇ ಕಳಿಸಿದ. ಸೆಸ್ಸೆ ಮತ್ತು ಮೊಸಿನ್ಯೋ ಎಂಬಿಬ್ಬರ ಹೆಸರಲ್ಲಿ ಅದು ಪ್ರಸಿದ್ಧ, 1803ರವರೆಗೂ ನಡೆಯಿತು. ಮೆಕ್ಸಿಕೋ ನಗರದ ಸಸ್ಯೋದ್ಯಾನದಲ್ಲಿದ್ದ ವಿಸೆಂತೆ ಸೆರ್ವಾಂತೆಸ್ ಬೀಜಗಳನ್ನು ಮ್ಯಾಡ್ರಿಡ್ಡಿಗೆ ಕಳಿಸುತ್ತಿದ್ದ. ಅಲ್ಲಿ ಅವುಗಳನ್ನು ಬೆಳೆಸಿ, ಚಿತ್ರ ಬರೆಸಿ, ಹೆಸರಿಟ್ಟವನು ಕಾವನಿಯೆಸ್ ಅನ್ನುವ ಪಾದ್ರಿ. ಮೆಕ್ಸಿಕೋಗೆ ಅವನು ಒಮ್ಮೆಯೂ ಕಾಲಿಟ್ಟವನಲ್ಲ. 1791ರಲ್ಲಿ ಅವನು ಹೆಸರಿಟ್ಟ ಗಿಡಗಳಲ್ಲಿ ಸಾಲ್ವಿಯಾ ಲ್ಯೂಕಾಂತ ಒಂದು. ನೇರಳೆ ಮಖಮಲ್ಲಿನ ತೆನೆಗೆ ಬಿಳಿ ಹೂ ಸಿಕ್ಕಿಸಿದ ಹಾಗೆ ಇರುತ್ತೆ, ಮುಟ್ಟಿದರೆ ಬೆಕ್ಕಿನ ಕಿವಿ ಮುಟ್ಟಿದ ಅನುಭವ. ಅದೇ ವರ್ಷ, ಅದೇ ಪುಸ್ತಕದಲ್ಲಿ, ಅದೇ ಮನುಷ್ಯ ಹೆಸರಿಟ್ಟ ಇನ್ನೊಂದು ಗಿಡ ಡೇಲಿಯಾ. ಹೌದು ಸ್ವಾಮಿ, ಸಾಗರ, ಶಿರಸಿ, ತೀರ್ಥಹಳ್ಳಿ ಕಡೆ ಅಂಗಳದಲ್ಲಿ ಮಳೆಗಾಲ ಪೂರ್ತಿ ಅರಳುವ, ಹೆಂಗಸರು ಗಡ್ಡೆ ಬದಲಾಯಿಸಿಕೊಳ್ಳುತ್ತಾ ಬಣ್ಣಕ್ಕಾಗಿ ಜಗಳ ಆಡುವ ನಮ್ಮ ಡೇರೆ ಹೂವು! ಕಾಸ್ಮಾಸ್ ಹೂವಿಗೆ ಹೆಸರಿಟ್ಟದ್ದೂ ಅವನೇ, 1791ರಲ್ಲೇ. ನಮ್ಮ ಅಂಗಳದ ಅರ್ಧ ಬಣ್ಣ ಮೆಕ್ಸಿಕೋ ಬೆಟ್ಟದ್ದು ಅಂತ ಗೊತ್ತಾದ ದಿನ ನನಗೆ ಸ್ವಲ್ಪ ಹೊತ್ತು ಮಾತೇ ಹೊರಡಲಿಲ್ಲ.

ಆದರೆ ಯೂರೋಪಿನ ತೋಟಗಾರರಿಗೆ ಈ ಮೆಕ್ಸಿಕೋ ಸಾಲ್ವಿಯಾಗಳು ಸಿಕ್ಕಾಪಟ್ಟೆ ಕಾಟ ಕೊಟ್ಟವು. ಬೇಸಿಗೆಯೆಲ್ಲ ಎಲೆ, ಎಲೆ, ಎಲೆ. ಅಕ್ಟೋಬರಿನಲ್ಲಿ ಮೊಗ್ಗು ಮೂಡಿತು ಅನ್ನುವಷ್ಟರಲ್ಲಿ ಹಿಮ ಬಿದ್ದು ಗಿಡ ಕರ್ರಗೆ ಸುಟ್ಟ ಹಾಗೆ ಆಗಿಬಿಡುತ್ತಿತ್ತು. ಗಾಜಿನಮನೆ ಇದ್ದ ಶ್ರೀಮಂತರು ಹೂ ನೋಡಿದರು, ಉಳಿದವರು ಎಲೆ ನೋಡಿದರು. ಯಾಕೆ ಹೀಗೆ ಅಂತ ಗೊತ್ತಾಗಲಿಕ್ಕೆ 1920ರವರೆಗೂ ಕಾಯಬೇಕಾಯಿತು. ಅಮೆರಿಕದ ಕೃಷಿ ಇಲಾಖೆಯ ಗಾರ್ನರ್ ಮತ್ತು ಅಲ್ಲಾರ್ಡ್ ಎಂಬಿಬ್ಬರು ಒಂದು ಹಠಮಾರಿ ಹೊಗೆಸೊಪ್ಪಿನ ತಳಿ ಯಾಕೆ ಬೇಸಿಗೆಯಲ್ಲಿ ಹೂ ಬಿಡುತ್ತಿಲ್ಲ ಅಂತ ತಲೆ ಕೆಡಿಸಿಕೊಂಡು, ಸಂಜೆ ಬೇಗನೆ ಗಿಡಗಳನ್ನು ಕತ್ತಲೆ ಶೆಡ್ಡಿಗೆ ಸಾಗಿಸಿ, ಕೊನೆಗೆ ಕಂಡುಕೊಂಡದ್ದು: ಗಿಡಗಳು ಹಗಲು-ರಾತ್ರಿಯ ಉದ್ದ ಅಳೆಯುತ್ತವೆ. ಕೆಲವಕ್ಕೆ ರಾತ್ರಿ ಸಾಕಷ್ಟು ಉದ್ದವಾಗುವವರೆಗೂ ಹೂ ಬಿಡುವ ಆಜ್ಞೆ ಸಿಗುವುದಿಲ್ಲ. ಮೆಕ್ಸಿಕೋದ ಬಹಳಷ್ಟು ಸಾಲ್ವಿಯಾಗಳು ಈ ಜಾತಿಯವು.

ಇದು ನಮಗೆ ಹೊಸದೇನಲ್ಲ. ಚಿಕ್ಕಬಳ್ಳಾಪುರ, ಕೋಲಾರದ ಕಡೆ ರಾತ್ರಿ ಬಸ್ಸಿನಲ್ಲಿ ಹೋಗುವಾಗ ಸೇವಂತಿಗೆ ಹೊಲಗಳಲ್ಲಿ ಮದುವೆ ಮನೆಯ ಹಾಗೆ ಸಾಲು ಬಲ್ಬು ಉರಿಯುವುದನ್ನು ನೋಡಿರಬಹುದು. ಸೇವಂತಿಗೆಗೂ ಉದ್ದ ರಾತ್ರಿ ಬೇಕು. ರಾತ್ರಿಯ ಮಧ್ಯೆ ಬೆಳಕು ಕೊಟ್ಟು ಗಿಡಕ್ಕೆ ಮೋಸ ಮಾಡಿದರೆ ಅದು ಮೊಗ್ಗು ಬಿಡದೆ ಇನ್ನಷ್ಟು ಎತ್ತರ ಬೆಳೆಯುತ್ತೆ, ರೈತ ತನಗೆ ಬೇಕಾದ ಹಬ್ಬದ ಮಾರುಕಟ್ಟೆಗೆ ಹೂವನ್ನು ಹೊಂದಿಸಿಕೊಳ್ಳುತ್ತಾನೆ. ಅದೇ ಕಾರಣಕ್ಕೆ ಇಲ್ಲಿ ಬೀದಿದೀಪದ ಕೆಳಗೆ ಚಳಿಗಾಲದ ಸಾಲ್ವಿಯಾ ನೆಡಬಾರದು.

ಮೆಕ್ಸಿಕೋದ ಗಡಿಯಾರ ಹೀಗೇಕೆ ಅಂದರೆ ಅಲ್ಲಿನ ಮಳೆಯೂ ನಮ್ಮ ಮುಂಗಾರಿನ ಹಾಗೇ, ಜೂನಿನಿಂದ ಸೆಪ್ಟೆಂಬರ್ ಆಚೀಚೆ. ಮಳೆಯಲ್ಲಿ ಬೆಳೆ, ಮಳೆ ನಿಂತ ಮೇಲೆ ಅರಳು. ನಮ್ಮಲ್ಲಿ ಹುಚ್ಚೆಳ್ಳಿನ ಹೊಲ ಹಳದಿಯಾಗುವ ಹೊತ್ತಿಗೆ ಅಲ್ಲಿನ ಬೆಟ್ಟಗಳಲ್ಲಿ ಸಾಲ್ವಿಯಾ. ನೆಲದಲ್ಲಿ ತೇವ ಇದೆ, ಮೋಡ ಸರಿದಿದೆ, ಝೇಂಕಾರದ ಹಕ್ಕಿಗಳು ಓಡಾಡುತ್ತಿವೆ. ತರ್ಕ ಸರಿಯಾಗಿದೆ, ಅದನ್ನು ಲಂಡನ್ನಿಗೆ ಒಯ್ದರೆ ಗಿಡದ ತಪ್ಪೇ?

ಲಂಡನ್ನಿನವರು ಬೇರೆ ದಾರಿ ಹಿಡಿದರು. ಫ್ರೀಡ್ರಿಷ್ ಸೆಲ್ಲೋ ಅನ್ನುವ ಜರ್ಮನ್ 1814ರಿಂದ ಬ್ರೆಜಿಲ್ಲಿನಲ್ಲಿ ಗಿಡ ಸಂಗ್ರಹಿಸುತ್ತಾ ಅಲೆದವನು, 1831ರಲ್ಲಿ ಅಲ್ಲೇ ರಿಯೋ ದೋಸೆ ನದಿಯಲ್ಲಿ ಮುಳುಗಿ ಸತ್ತ. (ನದಿಯ ಹೆಸರು ಓದಿ ನಗಬೇಡಿ, ಪೋರ್ಚುಗೀಸಿನಲ್ಲಿ ಸಿಹಿ ನದಿ ಅಂತ ಅರ್ಥ.) ಅವನ ಸಂಗ್ರಹದಿಂದ 1822ರಲ್ಲಿ ಹೆಸರು ಪಡೆದದ್ದು ಸಾಲ್ವಿಯಾ ಸ್ಪ್ಲೆಂಡೆನ್ಸ್. ಕಾಡಿನಲ್ಲಿ ಅದು ಆಳೆತ್ತರದ ಪೊದೆ, ತೆಳುವಾಗಿ ತೂಗುವ ಕೆಂಪು ಹೂ. ಮುಂದಿನ ನೂರಿನ್ನೂರು ವರ್ಷ ಯೂರೋಪಿನ ತೋಟಗಾರರು ಅದನ್ನು ಆರಿಸಿ ಆರಿಸಿ ಗಿಡ್ಡ ಮಾಡಿ, ಬೀಜ ಹಾಕಿದ ವರ್ಷವೇ ಬೇಸಿಗೆಯಲ್ಲಿ ಹೂ ಬಿಡುವ ಹಾಗೆ ಮಾಡಿ, ರತ್ನಗಂಬಳಿ ಹಾಸಿದಂತೆ ಹೂಮಡಿ ಮಾಡುವ ವಿಕ್ಟೋರಿಯನ್ ಫ್ಯಾಶನ್ನಿಗೆ ಹೊಂದಿಸಿಕೊಂಡರು. ಬ್ರಿಟಿಷರ ಉದ್ಯಾನದ ರೂಢಿಯ ಜೊತೆ ಅದು ನಮ್ಮ ಕಡೆಗೂ ಬಂದು ಸೇರಿತು. ಲಾಲ್‌ಬಾಗಿನ ಕೆಂಪು ಸಾಲ್ವಿಯಾ ಅಂದರೆ ಬ್ರೆಜಿಲ್ ಕಾಡಿನ ಗಿಡ, ಯೂರೋಪಿನ ಚಳಿಗೆ ಕುಗ್ಗಿಸಿ, ಚಳಿಯೇ ಇಲ್ಲದ ಬೆಂಗಳೂರಿಗೆ ತಂದದ್ದು. ಸತ್ಯ ಹೇಳಬೇಕೆಂದರೆ ನನಗೆ ಆ ಗಿಡ್ಡ ತಳಿ ಇಷ್ಟವಿಲ್ಲ, ಪ್ಲಾಸ್ಟಿಕ್ಕಿನದರ ಹಾಗೆ ಕಾಣುತ್ತೆ.

ಇನ್ನು ಪಾರ್ಕಿಂಗ್ ಲಾಟಿನ ಸಾಲ್ವಿಯಾದ ಕಥೆ. ಇದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು.

ಜೊಸಾಯಾ ಗ್ರೆಗ್ ಅಂತ ಒಬ್ಬ, 1806ರಲ್ಲಿ ಟೆನ್ನೆಸ್ಸಿಯಲ್ಲಿ ಹುಟ್ಟಿದವನು. ಆರೋಗ್ಯ ಪೂರ್ತಿ ಕೆಟ್ಟು ಹಾಸಿಗೆ ಹಿಡಿದಾಗ ವೈದ್ಯರು ಹುಲ್ಲುಗಾವಲಿನ ಗಾಳಿ ತಗೋ ಅಂದರು. 1831ರಲ್ಲಿ ವ್ಯಾಪಾರಿಗಳ ಗಾಡಿ ಸಾಲಿನ ಜೊತೆ ಸಾಂಟಾ ಫೆಗೆ ಹೊರಟ, ಹೊರಡುವಾಗ ಗಾಡಿಯಲ್ಲಿ ಮಲಗಿದ್ದವನು ಕೆಲವೇ ವಾರದಲ್ಲಿ ಕುದುರೆ ಏರಿದ. ಆ ವ್ಯಾಪಾರದ ದಾರಿಯ ಬಗ್ಗೆ 1844ರಲ್ಲಿ ಅವನು ಬರೆದ ಪುಸ್ತಕ ಇವತ್ತಿಗೂ ಇತಿಹಾಸಕಾರರಿಗೆ ಆಧಾರ. ಆಮೇಲೆ ವೈದ್ಯಕೀಯ ಓದಿದ, ಮೆಕ್ಸಿಕೋ ಯುದ್ಧದ ಕಾಲದಲ್ಲಿ ಸಾಲ್ಟಿಯೋ ಊರಿನ ಸುತ್ತ ಗಿಡ ಸಂಗ್ರಹಿಸಿ ಸೇಂಟ್ ಲೂಯಿಸ್‌ನ ಎಂಗೆಲ್‌ಮನ್‌ಗೆ ಕಳಿಸಿದ. ಅದರಲ್ಲೊಂದು, ಕಲ್ಲುಬೆಟ್ಟದಲ್ಲಿ ಬೆಳೆಯುವ ಸಣ್ಣೆಲೆಯ, ಕೆಂಪು ಹೂವಿನ ಪೊದೆ.

1849ರಲ್ಲಿ ಚಿನ್ನದ ಹುಚ್ಚು ಎಲ್ಲರನ್ನೂ ಕ್ಯಾಲಿಫೋರ್ನಿಯಾಗೆ ಎಳೆದ ಹಾಗೆ ಇವನನ್ನೂ ಎಳೆಯಿತು. ನವೆಂಬರ್ ತಿಂಗಳಲ್ಲಿ, ಮಳೆ ಹಿಮ ಶುರುವಾಗಿದ್ದಾಗ, ಟ್ರಿನಿಟಿ ನದಿಯ ಗಣಿಗಳಿಂದ ಏಳು ಜನರನ್ನು ಕರೆದುಕೊಂಡು ಪಶ್ಚಿಮಕ್ಕೆ ಸಮುದ್ರ ಹುಡುಕಲು ಹೊರಟ. ಎಂಟು ದಿನದ ದಾರಿ ಅಂದುಕೊಂಡದ್ದು ವಾರಗಟ್ಟಲೆ ಆಯಿತು. ರೆಡ್‌ವುಡ್ ಕಾಡಿನಲ್ಲಿ ತಿನ್ನಲು ಏನೂ ಇಲ್ಲ. ಜೊತೆಗಾರರು ಹಸಿವಿನಿಂದ ಸಾಯುತ್ತಿದ್ದರೆ ಈ ಪುಣ್ಯಾತ್ಮ ಅಲ್ಲಲ್ಲಿ ನಿಂತು ದೊಡ್ಡ ಮರಗಳ ಸುತ್ತಳತೆ ತೆಗೆಯುತ್ತಾ, ಸೂರ್ಯನನ್ನು ನೋಡಿ ಅಕ್ಷಾಂಶ ಲೆಕ್ಕ ಹಾಕುತ್ತಾ ಇದ್ದ. (ರಿಲೀಸಿನ ಹಿಂದಿನ ರಾತ್ರಿ ಡಾಕ್ಯುಮೆಂಟೇಶನ್ ಬರೆಯೋಣ ಅನ್ನುವ ಸಹೋದ್ಯೋಗಿ ನಿಮಗೂ ಒಬ್ಬ ಇದ್ದಾನು.) ಒಂದು ನದಿ ದಾಟುವಾಗ ಇವನ ಅಳತೆ ಮುಗಿಯುವವರೆಗೂ ಕಾಯದೆ ಉಳಿದವರು ದೋಣಿ ಬಿಟ್ಟೇಬಿಟ್ಟರು. ಗ್ರೆಗ್ ಉಪಕರಣ ಹೊತ್ತುಕೊಂಡು ನೀರಿಗೆ ಹಾರಿ ದೋಣಿ ಹತ್ತಿ, ಎಲ್ಲರ ಜನ್ಮ ಜಾಲಾಡಿದ. ಆ ಸಿಟ್ಟಿನ ನೆನಪಿಗೆ ಆ ನದಿಗೆ ಅವರಿಟ್ಟ ಹೆಸರು ಮ್ಯಾಡ್ ರಿವರ್. ನಕಾಶೆಯಲ್ಲಿ ಇವತ್ತಿಗೂ ಅದೇ ಹೆಸರು. ಅದಾಗಿ ಕೆಲವೇ ದಿನಕ್ಕೆ, ಡಿಸೆಂಬರಿನಲ್ಲಿ, ಅವರು ಹಂಬೋಲ್ಟ್ ಕೊಲ್ಲಿ ತಲುಪಿದರು. ಆಮೇಲೆ ಗುಂಪು ಜಗಳವಾಡಿ ಒಡೆಯಿತು. 1850ರ ಫೆಬ್ರವರಿಯಲ್ಲಿ ಕ್ಲಿಯರ್ ಲೇಕ್ ಹತ್ತಿರ ಹಸಿವು, ಚಳಿಯಲ್ಲಿ ಬಳಲಿದ್ದ ಗ್ರೆಗ್ ಕುದುರೆಯಿಂದ ಬಿದ್ದು ಸತ್ತ. ಜೊತೆಗಿದ್ದವರು ಕೋಲಿನಲ್ಲಿ ಮಣ್ಣು ಕೆದಕಿ ಹೂತರು.

ಇಪ್ಪತ್ತು ವರ್ಷದ ನಂತರ, 1870ರಲ್ಲಿ, ಹಾರ್ವರ್ಡಿನ ಆಸಾ ಗ್ರೇ ಆ ಕಲ್ಲುಬೆಟ್ಟದ ಪೊದೆಗೆ ಸಾಲ್ವಿಯಾ ಗ್ರೆಗಿಯೈ ಅಂತ ಹೆಸರಿಟ್ಟ. ಇವತ್ತು ಕ್ಯಾಲಿಫೋರ್ನಿಯಾದಲ್ಲಿ ಕಾರು ನಿಲ್ಲಿಸಿ ಕೆಳಗಿಳಿದರೆ ಮೊದಲು ಕಾಲಿಗೆ ತಾಗುವ ಗಿಡ ಅದು. ನೀರು ಬೇಡ, ಗೊಬ್ಬರ ಬೇಡ, ಮಾರ್ಚಿನಿಂದ ನವೆಂಬರಿನವರೆಗೆ ಹೂ.

ಹಾಗಾದರೆ ಕ್ಯಾಲಿಫೋರ್ನಿಯಾದ್ದೇ ಸಾಲ್ವಿಯಾ ಇರಲಿಲ್ಲವಾ? ಇದ್ದವು, ಹದಿನೈದಕ್ಕೂ ಹೆಚ್ಚು ಬಗೆ. ಈ ಭಾಗದ ಕಥೆ ಓದುವಾಗಲೇ ನನಗೆ ಹೂದೋಟದ ಮೋಜು ಸ್ವಲ್ಪ ಇಳಿದದ್ದು.

ಚಿಯಾ ಬೀಜ ನೀವು ಕೇಳಿರುತ್ತೀರಿ. ಅದು ಸಾಲ್ವಿಯಾದ ಬೀಜ, ಮೆಕ್ಸಿಕೋದ್ದು ಸಾಲ್ವಿಯಾ ಹಿಸ್ಪಾನಿಕ. (ಶರಬತ್ತಿಗೆ ಹಾಕುವ ನಮ್ಮ ಕಾಮಕಸ್ತೂರಿ ಬೇರೆ, ಅದು ತುಳಸಿಯ ಜಾತಿ. ಎರಡೂ ನೀರಲ್ಲಿ ಉಬ್ಬುತ್ತವೆ ಅಂತ ಅಂಗಡಿಯವರು ಕಲಸಿಬಿಡುತ್ತಾರೆ.) ಅಜ್ಟೆಕ್ ಸಾಮ್ರಾಜ್ಯಕ್ಕೆ ಸಾಮಂತರು ಕೊಡುತ್ತಿದ್ದ ಕಪ್ಪಕಾಣಿಕೆಯ ಪಟ್ಟಿ 1540ರ ದಶಕದ ಮೆಂದೋಸಾ ಹಸ್ತಪ್ರತಿಯಲ್ಲಿದೆ. ಅದರಲ್ಲಿ ಮೆಕ್ಕೆಜೋಳ, ಹುರುಳಿಕಾಯಿ ಜಾತಿಯ ಕಾಳು, ರಾಜಗಿರಿಯ ಜೊತೆ ಚಿಯಾವೂ ಕಣಜಗಟ್ಟಲೆ. ಕ್ಯಾಲಿಫೋರ್ನಿಯಾದಲ್ಲಿ ಅದರ ತಂಗಿಯಂಥ ಪುಟ್ಟ ಗಿಡ ಸಾಲ್ವಿಯಾ ಕೊಲಂಬಾರಿಯೇ. ಚುಮಾಶ್ ಮುಂತಾದ ಮೂಲನಿವಾಸಿಗಳು ಒಣಗಿದ ತೆನೆಗಳನ್ನು ಬುಟ್ಟಿಯೊಳಕ್ಕೆ ಬಡಿದು, ಬೀಜ ಹುರಿದು, ಹಿಟ್ಟು ಮಾಡಿ ತಿನ್ನುತ್ತಿದ್ದರು, ನಮ್ಮ ಹುರಿಹಿಟ್ಟಿನ ಹಾಗೆ. ಈ ಗಿಡ ಚೆನ್ನಾಗಿ ಬರಬೇಕೆಂದರೆ ನೆಲ ಬಯಲಾಗಿರಬೇಕು. ಅದಕ್ಕೆ ಅವರು ಹುಲ್ಲುಗಾಡಿಗೆ ಲೆಕ್ಕಾಚಾರ ಮಾಡಿ ಬೆಂಕಿ ಇಡುತ್ತಿದ್ದರು. ಅದು ಬೇಸಾಯವೇ, ನೇಗಿಲ ಬದಲು ಬೆಂಕಿ ಅಷ್ಟೆ. 1793ರ ಮೇ 31ರಂದು ಸ್ಪ್ಯಾನಿಶ್ ಗವರ್ನರ್ ಅರ್ರಿಯಾಗ ಹೀಗೆ ಬೆಂಕಿ ಇಡುವುದನ್ನು ನಿಷೇಧಿಸಿದ. ಅವರ ದನಗಳಿಗೆ ಹುಲ್ಲು ಬೇಕಿತ್ತು. ದನ ಬಂದವು, ಜೊತೆಗೆ ಯೂರೋಪಿನ ಹುಲ್ಲು ಬಂತು, ಕಾಯಿಲೆಗಳು ಬಂದವು, ಮಿಷನ್ನುಗಳಿಗೆ ಜನರನ್ನು ಸೇರಿಸಿದರು. ಒಂದು ಜನಾಂಗದ ಊಟ ಐವತ್ತು ವರ್ಷದೊಳಗೆ ಕಳೆ ಗಿಡವಾಯಿತು.

ಸ್ಪ್ರೆಂಗೆಲ್ ಸನ್ನೆಕೋಲು ವಿವರಿಸಿದ್ದೂ ಅದೇ 1793.

ಉಳಿದ ಕಾಡು ಸಾಲ್ವಿಯಾಗಳಿಂದ ದುಡ್ಡು ಮಾಡಿದವರು ಜೇನು ಸಾಕುವವರು. ಜಾನ್ ಹಾರ್ಬಿಸನ್ ಅನ್ನುವವನು 1857ರಲ್ಲಿ ಪೆನ್ಸಿಲ್ವೇನಿಯಾದಿಂದ ಜೇನುಪೆಟ್ಟಿಗೆಗಳನ್ನು ಹಡಗಿಗೆ ಹಾಕಿ, ಪನಾಮಾದಲ್ಲಿ ಇಳಿಸಿ ರೈಲಿಗೆ ಹತ್ತಿಸಿ, ಮತ್ತೆ ಹಡಗಿಗೆ ಏರಿಸಿ ಕ್ಯಾಲಿಫೋರ್ನಿಯಾಗೆ ತಂದ. ನೊಣಗಳಿಗೆ ನೀರು ಕುಡಿಸುತ್ತಾ ಅಷ್ಟು ದೂರ! 1869ರಲ್ಲಿ ಅವನ ಪೆಟ್ಟಿಗೆಗಳು ಸ್ಯಾನ್ ಡಿಯಾಗೋ ಬೆಟ್ಟಗಳಿಗೆ ಹೋದವು, ಅಲ್ಲಿ ಕರಿ ಸೇಜ್, ಬಿಳಿ ಸೇಜ್ ಮೈಲಿಗಟ್ಟಲೆ ಹಬ್ಬಿದ್ದವು. ನೀರಿನಷ್ಟು ತಿಳಿಯಾದ, ಗಟ್ಟಿಗಟ್ಟದ ಸೇಜ್ ಜೇನು ದೇಶಕ್ಕೆಲ್ಲ ಪ್ರಸಿದ್ಧವಾಯಿತು. ಆ ಬೆಟ್ಟಗಳ ಮೇಲೀಗ ಬಹುಪಾಲು ಮನೆಗಳಿವೆ.

ಮನೆಗಳ ಮುಂದೆ ಹುಲ್ಲುಹಾಸು. ಬೇಸಿಗೆಯಲ್ಲಿ ಒಂದು ಹನಿ ಮಳೆ ಬೀಳದ ನಾಡಿನಲ್ಲಿ ಇಂಗ್ಲೆಂಡಿನ ಲಾನ್! 1976-77ರ ಬರದಲ್ಲಿ ಈ ಆಟ ಮುಗಿಯಿತು. ಮರಿನ್ ಕೌಂಟಿಯಲ್ಲಿ ಜಲಾಶಯ ಬತ್ತಿ, ಕೊಲ್ಲಿಯ ಸೇತುವೆಯ ಮೇಲೆ ತುರ್ತು ಪೈಪ್ ಹಾಕಿ ನೀರು ತರಬೇಕಾಯಿತು. ಜನ ಮೊದಲ ಸಲ ನೀರು ಕುಡಿಯದ ಗಿಡ ಯಾವುದು ಅಂತ ಕೇಳಿದರು. ಸಾಲ್ವಿಯಾದ ದೆಸೆ ತಿರುಗಿದ್ದು ಆವಾಗಿಂದ. 1979ರಲ್ಲಿ ಸ್ಯಾನ್ ಮರಿನೋದ ಹಂಟಿಂಗ್ಟನ್ ಉದ್ಯಾನದಲ್ಲಿ ಎರಡು ಮೆಕ್ಸಿಕೋ ಸಾಲ್ವಿಯಾಗಳು ತಾವಾಗೇ ಕೂಡಿ ಹುಟ್ಟಿದ ನೀಲಿ ಹೂವಿನ ಸಸಿಯೊಂದು ಕಣ್ಣಿಗೆ ಬಿತ್ತು, ಅದೇ ಇಂಡಿಗೋ ಸ್ಪೈರ್ಸ್. ಆಪ್ಟೋಸಿನ ಕಬ್ರಿಯೋ ಕಾಲೇಜು, ಸಾಂಟಾ ಕ್ರೂಜ್ ವಿಶ್ವವಿದ್ಯಾಲಯದ ಸಸ್ಯೋದ್ಯಾನ, ಸ್ಯಾನ್ ಫ್ರಾನ್ಸಿಸ್ಕೋದ ಗೋಲ್ಡನ್ ಗೇಟ್ ಪಾರ್ಕಿನ ಉದ್ಯಾನ, ಎಲ್ಲ ಕಡೆ ಸಾಲ್ವಿಯಾ ಸಂಗ್ರಹ ಬೆಳೆಯಿತು. ಲಾ ಹೋಂಡಾ ಬೆಟ್ಟದಲ್ಲಿ ತೋಟ ಮಾಡಿದ್ದ ಬೆಟ್ಸಿ ಕ್ಲೆಬ್ಷ್ 1997ರಲ್ಲಿ ಬರೆದ ಸಾಲ್ವಿಯಾ ಪುಸ್ತಕ ಈ ಹುಚ್ಚಿನ ಧರ್ಮಗ್ರಂಥ, 2003ರಲ್ಲಿ ಅದರ ಪರಿಷ್ಕೃತ ಆವೃತ್ತಿ ಬಂತು. ಪ್ರತಿ ಗಿಡ ಯಾವ ಎತ್ತರದ ಬೆಟ್ಟದಿಂದ ಬಂತು, ಅಲ್ಲಿ ಯಾವಾಗ ಮಳೆ ಅಂತ ಆಕೆ ಬರೆದದ್ದು ಓದಿದ ಮೇಲೆಯೇ ನನಗೆ ರಿಲೇ ಓಟದ ಗುಟ್ಟು ಹೊಳೆದದ್ದು.

ಈಗ ಎಲ್ಲೆಡೆ ಕಾಣುವ, ಅರ್ಧ ಕೆಂಪು ಅರ್ಧ ಬಿಳುಪಿನ ಹಾಟ್ ಲಿಪ್ಸ್ ತಳಿ ಬಂದದ್ದು ಹೇಗೆ ಗೊತ್ತಾ? ಪೆಸಿಫಿಕ್ ಹಾರ್ಟಿಕಲ್ಚರ್ ಪತ್ರಿಕೆಯ ಸಂಪಾದಕರಾಗಿದ್ದ ರಿಚರ್ಡ್ ಟರ್ನರ್ ಅವರ ಮನೆಗೆಲಸದಾಕೆ ತನ್ನೂರು ಓಹಾಕದಿಂದ ತಂದುಕೊಟ್ಟ ಗಿಡ ಅದು. ಕ್ಯಾಟಲಾಗುಗಳಲ್ಲಿ ಅವರ ಹೆಸರಿರುತ್ತೆ, ಆಕೆ ಬರೀ ಮನೆಗೆಲಸದಾಕೆ. ಮ್ಯಾಡ್ರಿಡ್ಡಿನ ಕಾವನಿಯೆಸ್ ಕಾಲದಿಂದಲೂ ಈ ಪದ್ಧತಿ ಅಷ್ಟೇನೂ ಬದಲಾಗಿಲ್ಲ. ಅದಕ್ಕೆ ಹೋಲಿಸಿದರೆ ಅರ್ಜೆಂಟೀನಾದ ರೊಲಾಂದೊ ಉರಿಯಾ 2005ರಲ್ಲಿ ಒಂದು ಗಿಡಗಳ ಮೇಳದಲ್ಲಿ ಗುರುತಿಸಿದ ಗಾಢ ನೇರಳೆ ಸಾಲ್ವಿಯಾಕ್ಕೆ ಯಾರ ಹೆಸರೂ ಬೇಡ ಅಂತ ಅಮಿಸ್ತಾದ್, ಅಂದರೆ ಗೆಳೆತನ, ಅಂತಿಟ್ಟದ್ದು ನನಗೆ ಬಹಳ ಹಿಡಿಸಿತು.

ಸರಿ, ಆರಿಸುವುದು ಹೇಗೆ? ಬಣ್ಣ ನೋಡಿ ಆರಿಸಬೇಡಿ, ಊರು ನೋಡಿ ಆರಿಸಿ. ಕ್ಯಾಲಿಫೋರ್ನಿಯಾದವು ಚಳಿಗಾಲದ ಮಳೆ ಕುಡಿದು ಫೆಬ್ರವರಿ-ಮಾರ್ಚಿಗೆ ಶುರು ಮಾಡುತ್ತವೆ. ಓಕ್ ಮರದ ನೆರಳಿದ್ದರೆ ಸಾಲ್ವಿಯಾ ಸ್ಪಥೇಸಿಯ, ಬಿಸಿಲಿದ್ದರೆ ಮೇ ತಿಂಗಳಿಗೆ ನೀಲಿ ಚೆಂಡು ಬಿಡುವ ಕ್ಲೀವ್‌ಲ್ಯಾಂಡಿಯೈ. ಅದರ ಪರಿಮಳಕ್ಕೇ ಒಂದು ಗಿಡ ಇರಲೇಬೇಕು. ಆದರೆ ಪ್ರೀತಿ ಹೆಚ್ಚಾಗಿ ಬೇಸಿಗೆಯಲ್ಲಿ ನೀರು ಹಾಕಿದಿರೋ ಬೇರು ಕೊಳೆತು ಸತ್ತೇ ಹೋಗುತ್ತೆ. ಅವು ಜುಲೈಗೆ ಮಲಗುವಾಗ ಗ್ರೆಗ್‌ನ ಪೊದೆ, ಹಾಟ್ ಲಿಪ್ಸ್, ದಕ್ಷಿಣ ಅಮೆರಿಕದ ಗ್ವಾರನಿಟಿಕ, ಅಮಿಸ್ತಾದ್ ಓಡುತ್ತಿರುತ್ತವೆ. ಸೆಪ್ಟೆಂಬರಿಗೆ ಮಖಮಲ್ಲಿನ ಲ್ಯೂಕಾಂತ, ಅನಾನಸ್ ವಾಸನೆಯ ಎಲೆಗನ್ಸ್. ರಾತ್ರಿ ಉದ್ದವಾದ ಮೇಲೆ, ನವೆಂಬರಿನಿಂದ ಮಾರ್ಚಿನವರೆಗೆ, ಯೂರೋಪಿನವರ ಕೈಗೆ ದಕ್ಕದ ಆ ಚಳಿಗಾಲದ ಗುಂಪು: ಇಯೋಡಾಂತ, ಕಾರ್ವಿನ್ಸ್ಕಿಯೈ, ವ್ಯಾಗ್ನೇರಿಯಾನ, ಆಳಿಗಿಂತ ಎತ್ತರದ ಗೆಸ್ನೇರಿಫ್ಲೋರ. ಕರಾವಳಿ ಕ್ಯಾಲಿಫೋರ್ನಿಯಾದಲ್ಲಿ ಹಿಮ ಬೀಳುವುದು ಅಪರೂಪ, ಬಿದ್ದರೂ ಹಗುರ. ಹಾಗಾಗಿ ಮೊಗ್ಗು ಸುಡುವುದಿಲ್ಲ. ನಾಲ್ಕೈದು ಗಿಡ ಸಾಕು, ವರ್ಷ ತುಂಬುತ್ತೆ.

ಬೆಂಗಳೂರಿನಲ್ಲಿರುವವರಿಗೆ ಲೆಕ್ಕ ಬೇರೆ. ಇಲ್ಲಿ ಹಗಲು ಡಿಸೆಂಬರಿನಲ್ಲಿ ಒಂಬತ್ತೂವರೆ ಗಂಟೆ, ಜೂನಿನಲ್ಲಿ ಹದಿನಾಲ್ಕೂಮುಕ್ಕಾಲು. ಬೆಂಗಳೂರಿನಲ್ಲಿ ಹನ್ನೊಂದೂವರೆಗೂ ಹದಿಮೂರಕ್ಕೂ ನಡುವೆಯೇ ಓಡಾಟ. ಆದರೆ ಮಳೆ ಮೆಕ್ಸಿಕೋದ ಹಾಗೇ, 900 ಮೀಟರಿಗೂ ಮೀರಿದ ಎತ್ತರ, ಹಿಮವಿಲ್ಲ. ಬೇಸಿಗೆ ಮಳೆ ಸಹಿಸದ ಕ್ಯಾಲಿಫೋರ್ನಿಯಾದವುಗಳನ್ನು ಮರೆತುಬಿಡಿ, ಮೆಕ್ಸಿಕೋದವುಗಳನ್ನು ನೆಡಿ. ಲ್ಯೂಕಾಂತ ಊಟಿ ಕಡೆಯ ತೋಟಗಳಲ್ಲಿ ಸಾಮಾನ್ಯ, ಒಂದು ಕಡ್ಡಿ ಕೇಳಿ ತಂದು ಚುಚ್ಚಿದರೆ ಬರುತ್ತೆ.

ಚಳಿಗಾಲದ ಹೂವಿನಿಂದ ನಿಜವಾಗಿ ಏನಾದರೂ ಆಗುತ್ತಾ ಅಂದರೆ, ಆಗಿದೆ. ಅನ್ನಾ ಹಮ್ಮಿಂಗ್‌ಬರ್ಡ್ ಅನ್ನುವ, ನಾಲ್ಕು ಗ್ರಾಂ ಆಚೀಚೆ ತೂಗುವ ಹಕ್ಕಿ, ಇಪ್ಪತ್ತನೇ ಶತಮಾನದ ಆರಂಭದವರೆಗೂ ಬಾಹಾ ಕ್ಯಾಲಿಫೋರ್ನಿಯಾದಿಂದ ಸ್ಯಾನ್ ಫ್ರಾನ್ಸಿಸ್ಕೋ ಆಸುಪಾಸಿನವರೆಗೆ ಮಾತ್ರ ಗೂಡು ಕಟ್ಟುತ್ತಿತ್ತು. ತೋಟದ ಹೂಗಳು, ನೀಲಗಿರಿ ಮರಗಳು, ಸಕ್ಕರೆ ನೀರಿನ ಬಾಟಲಿಗಳು ಸೇರಿ ಈಗ ಅದು ಕೆನಡಾದ ವ್ಯಾಂಕೂವರ್‌ವರೆಗೂ ಹರಡಿದೆ. ನಮ್ಮ ಕಡೆ ಡಿಸೆಂಬರಿನಲ್ಲೇ ಮೊಟ್ಟೆ ಇಡಲು ಶುರು ಮಾಡುತ್ತೆ. ಇದು ಒಳ್ಳೆಯದೋ ಕೆಟ್ಟದ್ದೋ ತಜ್ಞರು ವಾದಿಸಲಿ, ಬೆಳಿಗ್ಗೆ ಏಳು ಡಿಗ್ರಿ ಚಳಿಯಲ್ಲಿ ಗೆಸ್ನೇರಿಫ್ಲೋರದ ಮುಂದೆ ಅದು ಗಾಳಿಯಲ್ಲಿ ನಿಂತಿರುವುದನ್ನು ನೋಡಿದ ಮೇಲೆ ನಾನಂತೂ ಆ ಗಿಡ ಕೀಳುವುದಿಲ್ಲ.

ಬಿಳಿ ಸೇಜ್ ಮಾತ್ರ ಬೇರೆ ಕಷ್ಟದಲ್ಲಿದೆ. ಮೂಲನಿವಾಸಿಗಳಿಗೆ ಅದು ಪವಿತ್ರ, ಔಷಧಿ. ಈಗ ಅದರ ಎಲೆಗಳ ಕಟ್ಟನ್ನು ಮನೆಗೆ ಧೂಪ ಹಾಕಲಿಕ್ಕೆ ಅಂತ ಆನ್‌ಲೈನಿನಲ್ಲಿ ಮಾರುತ್ತಾರೆ. ಬಹುಪಾಲು ಕದ್ದ ಮಾಲು. ರಾಂಚೋ ಕುಕಮಾಂಗಾ ಹತ್ತಿರದ ನಾರ್ತ್ ಎಟಿವಾಂಡಾ ರಕ್ಷಿತ ಪ್ರದೇಶದಲ್ಲಿ 2018ರಲ್ಲಿ ಮೂಟೆಗಟ್ಟಲೆ ಎಲೆಯ ಜೊತೆ ಕಳ್ಳರು ಸಿಕ್ಕಿಬಿದ್ದರು. ಕ್ಯಾಲಿಫೋರ್ನಿಯಾ ನೇಟಿವ್ ಪ್ಲಾಂಟ್ ಸೊಸೈಟಿಯವರು ಇದರ ಬಗ್ಗೆ ಸಾಕ್ಷ್ಯಚಿತ್ರ ಮಾಡಿದ್ದಾರೆ. ಬೇಕಿದ್ದರೆ ನರ್ಸರಿಯಿಂದ ಗಿಡ ತಂದು ಬೆಳೆಸಿಕೊಳ್ಳಬಹುದು, ಕಟ್ಟು ಕೊಳ್ಳಬೇಡಿ.

ಚಿಯಾ ಕೊನೆಗೆ ನಮ್ಮೂರಿಗೇ ಬಂತು. 2010ರ ದಶಕದಲ್ಲಿ ಮೈಸೂರಿನ ಸಿಎಫ್‌ಟಿಆರ್‌ಐ ವಿಜ್ಞಾನಿಗಳು ಅದರ ಬೇಸಾಯ ಕ್ರಮ ರೂಪಿಸಿ ರೈತರಿಗೆ ಬೀಜ ಕೊಟ್ಟರು. ಮೈಸೂರು, ಚಾಮರಾಜನಗರ ಕಡೆಯ ಹೊಲಗಳಲ್ಲಿ ಈಗ ನೀಲಿ ಹೂವಿನ ಚಿಯಾ ಕಾಣಸಿಗುತ್ತೆ. ಅದೂ ಉದ್ದ ರಾತ್ರಿಯ ಗಿಡ. ಉತ್ತರ ಅಮೆರಿಕದ ಬಹುಪಾಲು ಕಡೆ ಬಿತ್ತಿದರೆ ಬೀಜ ಕಟ್ಟುವ ಮೊದಲೇ ಹಿಮಕ್ಕೆ ಸಿಕ್ಕುತ್ತೆ. ಮೈಸೂರಿನಲ್ಲಿ ಮುಂಗಾರಿನ ಕೊನೆಗೆ ಬಿತ್ತಿದರೆ ಚಳಿಗಾಲಕ್ಕೆ ಕೊಯ್ಲು.